ಕಾಕಿ ಚೀಲ ಕಂಡ ಪರದೇಶದ ಸಂತೆ

ನಾನು ಒಂದು ಕಾಕಿ ಚೀಲ. ಹುಟ್ಟಿದ್ದು ಮಾತ್ರ ಪ್ಯಾಂಟಾಗಿ. ನಂಜನಗೂಡಿನಲ್ಲಿ ಬಸ್ ಮೆಕ್ಯಾನಿಕ್ ಆಗಿದ್ದ ಗುರುಮಲ್ಲಪ್ಪನವರ ಜೊತೆ ಹನ್ನೊಂದು ವರ್ಷ ಗ್ರೀಸು ಕುಡಿದೆ. ಮೊಣಕಾಲು ಹರಿದಾಗ ಅವರ ಹೆಂಡತಿ ಸರ್ವಮಂಗಳಮ್ಮ ನನ್ನನ್ನು ಕತ್ತರಿಸಿ, ತಳಕ್ಕೆ ಎರಡು ಸುತ್ತು ಹೊಲಿಗೆ ಹಾಕಿ ತರಕಾರಿ ಚೀಲ ಮಾಡಿದರು.

ಅಮ್ಮ ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಂಡವರಲ್ಲ. ಲಟಕ್ಕೆಂದರೆ ಎಳೆಯದು, ಬಾಗಿದರೆ ಬಲಿತದ್ದು, ಮರಳಿ ರಾಶಿಗೆ. ಕೊನೆಗೆ ಒಂದು ಹಿಡಿ ಕೊತ್ತಂಬರಿ ಕೊಸರು ಹಾಕಿಸಿಕೊಳ್ಳದೆ ಹೊರಟವರೂ ಅಲ್ಲ. ಕೊಸರಿಲ್ಲದೆ ನಾನು ಮನೆಗೆ ಮರಳಿದ್ದೇ ಇಲ್ಲ. ಜಂಬ ಅಂದರೂ ಅನ್ನಿ.

ಯಜಮಾನರು ನಿವೃತ್ತರಾದ ಮೇಲೆ ದಂಪತಿ ಗೆಳೆಯರ ಜೊತೆ ವಿಯೆಟ್ನಾಂ ನೋಡಲು ಹೊರಟರು. ಹುಣಸೆಹಣ್ಣು, ಸಾರಿನ ಪುಡಿ ಹೊತ್ತು ನಾನೂ ವಿಮಾನ ಹತ್ತಿದೆ. ಹೋಯಿ ಆನ್ ಎಂಬ ಊರಿನಲ್ಲಿ ಯಜಮಾನರಿಗೆ ಜ್ವರ ಬಂತು. ಜ್ವರ ಬಿಟ್ಟರೂ ಎರಡು ದಿನ ಒಂದು ತುತ್ತೂ ಗಂಟಲಿಗೆ ಇಳಿಯಲಿಲ್ಲ. ನನಗೆ ಬಹಳ ಹೆದರಿಕೆಯಾಯಿತು.

"ಬಾಯಿ ಕೆಟ್ಟೋಗದೆ ಕಣೆ. ನಿನ್ ಬೆಂಡೆಕಾಯ್ ಗೊಜ್ಜಿದ್ದಿದ್ರೆ ಎರಡು ತುತ್ತು ಉಣ್ತಿದ್ದೆ" ಅಂದರು.

"ಮಾಡ್ಕೊಟ್ರೆ ಉಂಡೀರಾ?" ಎಂದು ಅಮ್ಮ ಸೆರಗು ಸಿಕ್ಕಿಸಿದರು. ಸೆರಗು ಸಿಕ್ಕಿಸಿದ ಮೇಲೆ ಅವರನ್ನು ತಡೆಯುವವರು ಯಾರೂ ಇಲ್ಲ.

ಬೆಳಗಿನ ಐದಕ್ಕೆ ಹೊಳೆದಂಡೆಯ ಸಂತೆ ತುಂಬಿತ್ತು. ಒದ್ದಾಡುವ ಮೀನಿನ ಬೋಗುಣಿ, ಏಡಿಯ ಬುಟ್ಟಿಗಳ ನಡುವೆ ಲಿಂಗ ಕಟ್ಟಿದ ಅಮ್ಮ ಮೂಗಿಗೆ ಸೆರಗು ಹಿಡಿದು ನಡೆದರು. ನನ್ನ ತಳಕ್ಕೆ ಮೀನಿನ ನೀರು ಸಿಡಿಯಿತು. ಮೂರು ಸಾಲು ಹುಡುಕಿದ ಮೇಲೆ ಬೆಂಡೆಕಾಯಿ ಸಿಕ್ಕಿತು. ತಾಳೆಗರಿಯ ಚೂಪು ಟೋಪಿ ಹಾಕಿದ್ದ ಮುದುಕಿಯೊಬ್ಬಳು ರಾಶಿ ಹಾಕಿ ಕೂತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು. ಅಮ್ಮನ ಬೆರಳು ಲಟ್, ಲಟ್ ಎಂದು ಏಳೆಂಟು ತುದಿ ಮುರಿದೇಬಿಟ್ಟಿತು.

ಮುದುಕಿ ಕಿರುಚಿದಳು. ಜನ ಸೇರಿದರು. ನನ್ನ ಹಿಡಿ ಅಮ್ಮನ ಅಂಗೈಯ ಬೆವರಿಗೆ ಒದ್ದೆಯಾಯಿತು. ಆದರೂ ಅಮ್ಮ ಕದಲಲಿಲ್ಲ.

"ತಪ್ಪಾಯ್ತು ಕಣವ್ವ. ಮುರ್ದಿದ್ದೆಲ್ಲ ನಾನೇ ತಕತೀನಿ. ನಮ್ಮನೆಯವ್ರು ಎರಡು ದಿನದಿಂದ ಉಂಡಿಲ್ಲ" ಎಂದು ಕನ್ನಡದಲ್ಲೇ ಹೇಳಿ, ಹಣೆ ಮುಟ್ಟಿ ಜ್ವರ ತೋರಿಸಿದರು. ಬಾಯಿಯ ಬಳಿಗೆ ಕೈ ಒಯ್ದು ಇಲ್ಲವೆಂಬಂತೆ ತಲೆ ಆಡಿಸಿದರು. ಮುರಿದವನ್ನೆಲ್ಲ ಆಯ್ದು ನನ್ನೊಳಗೆ ಹಾಕಿದರು.

ಆಮೇಲೆ ಮುದುಕಿ ತಾನೇ ಒಂದು ಕಾಯಿಯ ತುದಿ ಮುರಿದಳು. ಲಟ್! ಅದನ್ನು ನನ್ನೊಳಗೆ ಹಾಕಿ, ಇನ್ನೊಂದು ಮುರಿದಳು. ಬಾಗಿದ್ದನ್ನು ಬದಿಗಿಟ್ಟಳು. ಕೊಸರು ಕೇಳುವ ಮುಖ ಅಮ್ಮನಿಗೆ ಉಳಿದಿರಲಿಲ್ಲ. ದುಡ್ಡು ಕೊಟ್ಟು ತಿರುಗಿದಾಗ ಹಿಂದಿನಿಂದ ಯಾರೋ ನನ್ನ ಹಿಡಿ ಜಗ್ಗಿದರು. ಮುದುಕಿಯೇ. ಒಂದು ಹಿಡಿ ಕೊತ್ತಂಬರಿ ತುರುಕಿ, ಹೋಗು ಹೋಗು ಎಂಬಂತೆ ಕೈಬೀಸಿದಳು.

ವಸತಿಗೃಹದ ಅಡುಗೆಮನೆಯಲ್ಲೇ ಗೊಜ್ಜು ಕುದಿಯಿತು. ಯಜಮಾನರು ಎರಡು ಸಲ ಅನ್ನ ಹಾಕಿಸಿಕೊಂಡರು. ಅಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಈಗ ನನ್ನ ತಳ ಸವೆದಿದೆ. ಅಡುಗೆಮನೆಯ ಬಾಗಿಲ ಹಿಂದೆ ಹಳೆಯ ಬಟ್ಟೆ ತುಂಬಿಕೊಂಡು ನೇತಾಡುತ್ತೇನೆ. ಸಂತೆಗೆ ಹೋಗುವುದು ಹೊಸ ಚೀಲ. ಅಮ್ಮ ಇವತ್ತಿಗೂ ತುದಿ ಮುರಿಯುತ್ತಾರಂತೆ. ಆದರೆ ಮುರಿದದ್ದನ್ನು ರಾಶಿಗೆ ಮರಳಿ ಹಾಕುವುದಿಲ್ಲ, ಬಾಗಿದ್ದನ್ನೂ ತಾವೇ ತರುತ್ತಾರೆ. ಆ ಬಲಿತ ಕಾಯಿಯ ನಾರನ್ನು ಯಜಮಾನರು ತುಟಿಪಿಟಕ್ಕೆನ್ನದೆ ಅಗಿಯುವುದನ್ನು ನಾನು ದಿನವೂ ಇಲ್ಲಿಂದ ನೋಡುತ್ತೇನೆ.