ಉಪ್ಪುಂಡವರು ಕೂಗುವಂತಿಲ್ಲ

ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಹನ್ನೆರಡು ಮೈಲಿ ದಾರಿ, ಎರಡು ಫುಟ್ಬಾಲ್ ತಂಡ, ಒಂದು ಶೀಲ್ಡು ಮತ್ತು ಒಂದು ಕಟ್ಟಳೆ ಇದ್ದವು. ಕಟ್ಟಳೆ ಏನೆಂದರೆ, ಯಾವ ಊರಿನ ಉಪ್ಪು ತಿಂದೆಯೋ ಆವತ್ತು ಹೊತ್ತು ಮುಳುಗುವ ತನಕ ಆ ಊರಿಗೆ ಎದುರಾಗಿ ಬಾಯಿ ತೆರೆಯುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಯಾರಾದರೂ ಮುರಿಯುತ್ತಿದ್ದರೇನೋ.

ಹಾಗಾಗಿ ಪಂದ್ಯ ನೋಡಲು ಹೋಗುವವರು ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಹೋಗುತ್ತಿದ್ದರು. ಆಡುವ ಹನ್ನೊಂದು ಜನರಿಗೆ ಮಾತ್ರ ಈ ಕಟ್ಟಳೆ ಇರಲಿಲ್ಲ. ಅವರು ಆಡುವುದು ಕಾಲಿನಲ್ಲಿ, ಬಾಯಲ್ಲಲ್ಲ ಎಂದು ಹಿರಿಯರು ಹೇಳಿಬಿಟ್ಟಿದ್ದರು.

ಕಡಲ ತಡಿಯಲ್ಲಿ ಉಪ್ಪು ಮಾಡಿದ್ದಕ್ಕೆ ಜನ ಜೈಲಿಗೆ ಹೋದ ಮರುವರ್ಷ, ಅಂದರೆ ಮೂವತ್ತೊಂದನೇ ಇಸವಿಯಲ್ಲಿ, ಪಿರಿಯಾಪಟ್ಟಣದ ನಂಜಯ್ಯ ನಲವತ್ತು ಜನರನ್ನು ಕಟ್ಟಿಕೊಂಡು ಕೋಳಿ ಕೂಗುವ ಹೊತ್ತಿಗೆ ಹುಣಸೂರಿಗೆ ಹೊರಟ. ನಂಜಯ್ಯನದು ದನದ ಸಂತೆಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಅವನು ಸಂತೆಯ ಈ ತುದಿಯಲ್ಲಿ ಸೀನಿದರೆ ಆ ತುದಿಯ ಎತ್ತು ಕಿವಿ ನಿಮಿರಿಸುತ್ತಿತ್ತು. ಪಿರಿಯಾಪಟ್ಟಣದ ಮುಂದಿನ ಸಾಲಿನಲ್ಲಿ ಆಡುವ ಚಿಕ್ಕಮಾದು ಅವನ ಅಕ್ಕನ ಮಗ. ಮಾವನ ದನ ಮೇಯಿಸಿಕೊಂಡು ಬೆಳೆದವನು. ಮಾವ ದಿಬ್ಬದ ಮೇಲೆ ನಿಂತು "ಎಡಕ್ಲಾ!" ಅಂದರೆ ಎಡಕ್ಕೆ, "ಬಲಕ್ಲಾ!" ಅಂದರೆ ಬಲಕ್ಕೆ ಓಡಿ ಓಡಿ ಕಾಲು ಹದವಾಗಿತ್ತು. ತೊಂದರೆ ಏನೆಂದರೆ ಮಾವನ ಕೂಗು ಕೇಳದಿದ್ದರೆ ಚಿಕ್ಕಮಾದು ಎಲ್ಲಿದ್ದನೋ ಅಲ್ಲೇ ನಿಲ್ಲುತ್ತಿದ್ದ. ಚೆಂಡು ಬಂದರೂ ನಿಲ್ಲುತ್ತಿದ್ದ.

ಹಿಂದಿನ ಎರಡು ವರ್ಷವೂ ಹುಣಸೂರೇ ಗೆದ್ದಿತ್ತು. ಈ ಸಲವೂ ಗೆದ್ದರೆ ಶೀಲ್ಡು ಖಾಯಂ ಅವರದೇ. ಪಿರಿಯಾಪಟ್ಟಣದ ಸ್ಕೂಲಿನ ಗೋಡೆಯಲ್ಲಿ ಶೀಲ್ಡಿಗೆಂದು ಹೊಡೆದಿದ್ದ ಮೊಳೆಗೆ ಈಗ ಮೇಷ್ಟರು ಕೋಟು ನೇತುಹಾಕುತ್ತಿದ್ದರು. ಆ ಕೋಟನ್ನು ನೋಡಿದಾಗಲೆಲ್ಲ ನಂಜಯ್ಯ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಹತ್ತೂವರೆಗೆ ಹುಣಸೂರು ಮುಟ್ಟಿದರು. ಪಂದ್ಯ ನಾಲ್ಕಕ್ಕೆ. ಬುತ್ತಿಯ ಗಾಡಿ ಹಿಂದೆ ಸೋಮಯ್ಯನ ಜೊತೆ ಬರುತ್ತಿತ್ತು. ನಲವತ್ತೊಂದು ಜನರಿಗಾಗುವಷ್ಟು ರೊಟ್ಟಿ, ಹುಚ್ಚೆಳ್ಳು ಚಟ್ನಿ, ಎರಡು ಮಡಕೆ ಮಜ್ಜಿಗೆ. ಎಲ್ಲರೂ ಮೈದಾನದ ಪಕ್ಕದ ಹೊಂಗೆ ನೆರಳಲ್ಲಿ ಕೂತು ದಾರಿ ನೋಡಿದರು. ಹನ್ನೆರಡು ಗಂಟೆಗೆ ಸೋಮಯ್ಯ ಬಂದ. ಗಾಡಿ ಬರಲಿಲ್ಲ.

"ಗಾಡಿ ಎಲ್ಲಿ ಮಡಗಿದ್ಲಾ?" ನಂಜಯ್ಯ ಕೇಳಿದ.

"ಕಂಪಲಾಪುರದ ತಾವ ಅಚ್ಚು ಮುರೀತು ಕಣಣ್ಣ."

"ಸರಿ. ಬುತ್ತಿ?"

ಸೋಮಯ್ಯ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಮತ್ತೆ ಸುತ್ತಿದ. "ಗಾಡಿ ಎತ್ತಕ್ಕೆ ಜನ ಬಂದ್ರು. ಒಳ್ಳೇರು. ಬಿಸ್ಲಲ್ಲಿ ಅಷ್ಟೊತ್ತು ಎತ್ತುದ್ರು. ಎತ್ತಿದ್ಮೇಲೆ ಬರೀ ಕೈಲಿ ಕಳ್ಸಕಾಯ್ತದಾ?"

"ಎಲ್ಲಾ ಇಕ್ಬುಟ್ಯಾ?"

"ಒಂದು ರೊಟ್ಟಿ ಉಳ್ದಿತ್ತು. ನಡೀತಾ ತಿಂದೆ."

ಯಾರೂ ಸೋಮಯ್ಯನನ್ನು ಬೈಯಲಿಲ್ಲ. ತಮ್ಮ ಗಾಡಿ ಎತ್ತಿದವರಿಗೆ ತಾವೂ ಅದನ್ನೇ ಮಾಡುತ್ತಿದ್ದೆವು ಎಂದು ನಲವತ್ತು ಜನರಿಗೂ ಗೊತ್ತಿತ್ತು. ಹಾಗೆ ಗೊತ್ತಿದ್ದದ್ದರಿಂದ ಹಸಿವು ಇನ್ನೂ ಹೆಚ್ಚಾಯಿತು.

ಹೀಗೆ ಪಿರಿಯಾಪಟ್ಟಣದವರು ಹುಣಸೂರಿನಲ್ಲಿ ಉಪ್ಪಿಲ್ಲದ ಊಟ ಹುಡುಕಲು ಹೊರಟರು.

ಮೊದಲು ಹೆಂಡದಂಗಡಿ. ಹೆಂಡಕ್ಕೆ ಉಪ್ಪು ಹಾಕುವುದಿಲ್ಲ, ಆ ಮಟ್ಟಿಗೆ ಕಟ್ಟಳೆಗೆ ಧಕ್ಕೆಯಿಲ್ಲ. ಆದರೆ ಹೋದ ವರ್ಷ ಖಾಲಿ ಹೊಟ್ಟೆಗೆ ಕುಡಿದ ಆರು ಜನ ಎರಡೂ ಕಡೆಯ ಗೋಲಿಗೆ ಕುಣಿದಿದ್ದರು. ನಂಜಯ್ಯ ಬಾಗಿಲಲ್ಲೇ ಎಲ್ಲರನ್ನೂ ತಿರುಗಿಸಿದ.

ಆಮೇಲೆ ರುದ್ರಸ್ವಾಮಿಯ ಕಾಫಿ ಕ್ಲಬ್ಬು. ಅಲ್ಲಿ ಒಳಗೆ ಕೂರುವವರಿಗೆ ಒಂದು ಬಾಗಿಲು, ಹೊರಗೆ ನಿಲ್ಲುವವರಿಗೆ ಒಂದು ಕಿಟಕಿ. ಇಡ್ಲಿಗೆ ಉಪ್ಪಿತ್ತು. ಕಿಟಕಿಯಿಂದ ಕೊಟ್ಟ ಉಪ್ಪಿನ ಋಣ ಪೂರ್ತಿಯೋ ಅರ್ಧವೋ ಎಂದು ಸೋಮಯ್ಯ ಕೇಳಿದ. ಇದು ನಿಜವಾಗಿಯೂ ಯೋಚಿಸಬೇಕಾದ ಮಾತು ಎನ್ನಿಸಿ ಎಲ್ಲರೂ ಸ್ವಲ್ಪ ಹೊತ್ತು ಕಿಟಕಿಯನ್ನೇ ನೋಡಿದರು. ಅಷ್ಟರಲ್ಲಿ ಇಡ್ಲಿ ಮುಗಿಯಿತು.

ಗಯಾಸುದ್ದೀನನ ಚಾ ಅಂಗಡಿಯಲ್ಲಿ ಒಳ್ಳೆಯ ಸುದ್ದಿ ಸಿಕ್ಕಿತು. ಚಾಕ್ಕೆ ಬೆಲ್ಲ ಮಾತ್ರ. ಎಲ್ಲರೂ ಎರಡೆರಡು ಲೋಟ ಕುಡಿದರು. ಬನ್ನಿಗೆ ಕೈ ಹಾಕುವಾಗ ಗಯಾಸುದ್ದೀನ್ ತಡೆದ.

"ನಿಲ್ರಪ್ಪಾ. ಬನ್ನಲ್ಲಿ ಒಂದು ಚಿಟಿಕೆ ನಮಕ್ ಐತೆ. ಆಮೇಲೆ ನನ್ನ ಮೇಲೆ ಹೇಳ್ಬೇಡಿ."

"ನೀವು ಹುಣಸೂರೋರು. ಯೋಳ್ದೇ ಇದ್ದಿದ್ರೆ ನಿಮ್ಗೇ ಲಾಭ ಇತ್ತಲ್ಲ ಸಾಬ್ರೇ," ಎಂದ ನಂಜಯ್ಯ.

"ನಮ್ಮ ಮನೇಲೂ ಅದೇ ಮಾತು ನಂಜಯ್ಯ. ಉಂಡ ಮನೆಗೆ ನಮಕ್ ಹರಾಮ್ ಆಗಬಾರದು. ನಿಮಗೆ ಗೊತ್ತಿಲ್ಲದೆ ನಿಮ್ಮನ್ನ ಹಂಗೆ ಮಾಡಿದ್ರೆ ಪಾಪ ಯಾರಿಗೆ? ನನಗೆ. ಇನ್ನೊಂದು ಚಾ ಕೊಡ್ಲಾ?"

ಮೂರನೇ ಚಾ ಕುಡಿದ ಮೇಲೆ ಹಸಿವು ಎಷ್ಟಿದೆ ಎಂದು ಎಲ್ಲರಿಗೂ ಸರಿಯಾಗಿ ಗೊತ್ತಾಯಿತು.

ಕೊನೆಗೆ ಉಳಿದದ್ದು ಚಿಕ್ಕಸಿದ್ದಮ್ಮನ ಒಲೆ. ಮೈದಾನದ ಮಗ್ಗುಲಿನ ಚಪ್ಪರದಲ್ಲಿ ಅವಳು ಇಪ್ಪತ್ತು ವರ್ಷದಿಂದ ಮುದ್ದೆ ಬೇಯಿಸುತ್ತಿದ್ದಳು. ಕಾಫಿ ಕಾರ್ಖಾನೆಯ ಕೂಲಿಗಳು, ಗಾಡಿಯವರು, ಎಮ್ಮೆ ಕೊಳ್ಳಲು ಬಂದವರು, ಎಲ್ಲರೂ ಅವಳ ಕೈಯಲ್ಲಿ ಉಂಡವರೇ. ಸಾರಿಗೆ ಉಪ್ಪನ್ನು ಅವಳು ಅಳೆದು ಹಾಕುತ್ತಿರಲಿಲ್ಲ, ರುಚಿಯೂ ನೋಡುತ್ತಿರಲಿಲ್ಲ. ಮಡಕೆಯನ್ನು ಒಂದು ಸಲ ನೋಡಿ ಕೈ ಬೀಸುತ್ತಿದ್ದಳು. ಹೆಚ್ಚು ಅಂತಲೋ ಕಮ್ಮಿ ಅಂತಲೋ ಇಪ್ಪತ್ತು ವರ್ಷದಲ್ಲಿ ಯಾರೂ ಅಂದಿರಲಿಲ್ಲ. ಅವಳಿಗೆ ಗಂಡ, ಹೊಲ, ಮಕ್ಕಳು ಯಾವುದೂ ಉಳಿದಿರಲಿಲ್ಲ. ಉಪ್ಪಿನ ಹದದ ಹೆಸರೊಂದು ಉಳಿದಿತ್ತು.

ಆವತ್ತು ಹುರುಳಿಕಾಳಿನ ಬಸ್ಸಾರು. ವಾಸನೆ ಮೈದಾನದ ಆಚೆಗೂ ಹೋಗಿ ಬರುತ್ತಿತ್ತು.

"ಸಿದ್ದಕ್ಕ, ಮುದ್ದೆಗೆ ಉಪ್ಪು ಹಾಕ್ತೀಯಾ?" ನಂಜಯ್ಯ ಹುಷಾರಾಗಿ ಕೇಳಿದ.

"ಮುದ್ದೆಗೆ ಯಾರಾದ್ರೂ ಉಪ್ಪು ಹಾಕ್ತಾರೇನಣ್ಣ? ಯಾವೂರು ನಿಂದು?"

"ಅಂಗಾರೆ ಮುದ್ದೆ ಇಕ್ಕು. ಸಾರಿಗೆ ಮಾತ್ರ ಉಪ್ಪು ಹಾಕ್ದೆ ಒಂದು ಮಡಕೆ ಬ್ಯಾರೆ ಮಾಡ್ಕೊಡು."

ಚಿಕ್ಕಸಿದ್ದಮ್ಮ ಸೌಟು ಕೆಳಗಿಟ್ಟಳು. "ಯಾರಿಗೆ ಕಾಯ್ಲೆ?"

"ಯಾರ್ಗೂ ಇಲ್ಲ."

"ಕಾಯ್ಲೆ ಇಲ್ದೋರಿಗೆ ಸಪ್ಪೆ ಸಾರು ನನ್ ಒಲೇಲಿ ಕುದಿಯಾಕಿಲ್ಲ. ಉಣ್ಣೋದಾದ್ರೆ ಕುಂತ್ಕಳಿ. ಇಲ್ಲಾಂದ್ರೆ ನೆರಳು ಬುಡಿ."

"ಕಾಸು ಕೊಟ್ಟು ತಿಂದ್ರೆ ಋಣ ಎಲ್ಲಣ್ಣ ಬತ್ತದೆ?" ಎಂದು ಸೋಮಯ್ಯ ಹಿಂದಿನಿಂದ ಪಿಸುಗುಟ್ಟಿದ.

"ಕಾಸು ಮುದ್ದೆಗೆ ಕಣ್ಲಾ. ಉಪ್ಪಿಗೆ ಯಾರಾದ್ರೂ ಕಾಸು ತಕ್ಕತಾರಾ?" ಎಂದ ನಂಜಯ್ಯ.

ತಗೊಳ್ಳುವುದಿಲ್ಲ ಎಂಬುದು ಸೋಮಯ್ಯನಿಗೂ ಗೊತ್ತಿತ್ತು. ಅವನು ಒಲೆಯ ಕಡೆ ನೋಡಿದ. ಒಲೆಯ ಕಡೆ ನೋಡುತ್ತಲೇ ಕೂತ. ಅವನ ಪಕ್ಕ ಇನ್ನೊಬ್ಬ ಕೂತ. ಹೀಗೆ ಯಾರೂ ತೀರ್ಮಾನ ಮಾಡದೆ ನಲವತ್ತು ಜನರೂ ಕೂತುಬಿಟ್ಟರು. ಎಲೆ ಬಂತು, ಮುದ್ದೆ ಬಂತು, ಸಾರು ಬಂತು.

ನಂಜಯ್ಯ ಮಾತ್ರ ನಿಂತೇ ಇದ್ದ.

"ಉಣ್ರಪ್ಪಾ," ಎಂದ. "ಕೂಗಕ್ಕೆ ನಾನೊಬ್ಬ ಉಳೀತೀನಿ. ಮಾದುಗೆ ಒಂದು ಗಂಟ್ಲು ಸಾಕು."

"ನಂಜಣ್ಣ, ನೀನು?" ಎಂದಳು ಚಿಕ್ಕಸಿದ್ದಮ್ಮ.

"ನಂಗೆ ಅಸಿವಿಲ್ಲ ಕಣಕ್ಕ."

ಅವನ ಹೊಟ್ಟೆ ಅದೇ ಹೊತ್ತಿಗೆ ಬೇರೆ ಮಾತಾಡಿತು. ಚಪ್ಪರದಲ್ಲಿದ್ದ ಎಲ್ಲರಿಗೂ ಕೇಳಿತು. ಚಿಕ್ಕಸಿದ್ದಮ್ಮ ಅವನು ಮೈದಾನದ ಕಡೆ ನಡೆದು ಹೋಗುವುದನ್ನೇ ನೋಡಿದಳು. ತನ್ನ ಒಲೆ ಉರಿಯುತ್ತಿರುವಾಗ ಒಬ್ಬ ಹಸಿದೇ ಹೋದದ್ದು ಅದೇ ಮೊದಲು.

ನಾಲ್ಕಕ್ಕೆ ಪಂದ್ಯ ಶುರುವಾಯಿತು. ಹುಣಸೂರಿನ ಕಡೆ ಐನೂರು ಜನ ಕೂಗುತ್ತಿದ್ದರು. ಪಿರಿಯಾಪಟ್ಟಣದ ಕಡೆ ನಲವತ್ತು ಜನ ಮೊಣಕಾಲ ಮೇಲೆ ಕೈಯಿಟ್ಟು, ಸಾವಿನ ಮನೆಗೆ ಬಂದವರಂತೆ ಕೂತಿದ್ದರು. ಅವರ ನಡುವೆ ನಂಜಯ್ಯ ಒಬ್ಬನೇ ನಿಂತು ಕೂಗಿದ.

"ಎಡಕ್ಲಾ ಮಾದಾ! ಎಡಕ್ಕೆ! ಅಯ್ಯೋ, ನಿನ್ ಎಡ ಕಣ್ಲಾ!"

ಮೊದಲರ್ಧ ನಡೆಯಿತು. ಹುಣಸೂರು ಒಂದು ಗೋಲು ಹೊಡೆಯಿತು. ನಲವತ್ತು ಜನರಲ್ಲಿ ಇಬ್ಬರು ಋಣಕ್ಕೆ ಕಟ್ಟುಬಿದ್ದು ಚಪ್ಪಾಳೆ ತಟ್ಟಿದರು. ನಂಜಯ್ಯ ತಿರುಗಿ ನೋಡಿದ ಮೇಲೆ ನಿಲ್ಲಿಸಿದರು.

ಎರಡನೇ ಅರ್ಧದಲ್ಲಿ ಗಂಟಲು ಕೈಕೊಟ್ಟಿತು. ಮೂರು ಲೋಟ ಚಾ ಎಷ್ಟು ದೂರ ಹೊತ್ತೊಯ್ಯುತ್ತದೆ? "ಬಲಕ್ಲಾ" ಎಂದು ಶುರು ಮಾಡಿದ್ದು "ಬ" ದಲ್ಲೇ ನಿಂತಿತು. ಕಣ್ಣಿಗೆ ಮೈದಾನ ಒಂದು ಸುತ್ತು ತಿರುಗಿತು, ಗೋಲಿನ ಕಂಬ ನಾಲ್ಕಾದವು. ನಂಜಯ್ಯ ಕುಸಿದು ಕೂತ.

ಮೈದಾನದ ನಡುವೆ ಚಿಕ್ಕಮಾದು ನಿಂತುಬಿಟ್ಟ. ಚೆಂಡು ಅವನ ಕಾಲ ಪಕ್ಕದಲ್ಲೇ ಹಾದುಹೋಯಿತು. ಅವನು ಕಿವಿ ಇತ್ತ ತಿರುಗಿಸಿಕೊಂಡು, ಕರು ಕಳೆದುಕೊಂಡ ಹಸುವಿನ ಹಾಗೆ ಕಾಯುತ್ತಿದ್ದ. ಇನ್ನು ಹದಿನೈದು ನಿಮಿಷ ಉಳಿದಿತ್ತು.

ಅಷ್ಟರಲ್ಲಿ ಯಾರೋ ನಂಜಯ್ಯನ ತಲೆ ಎತ್ತಿ ಬಾಯಿಗೆ ಚೆಂಬು ಇಟ್ಟರು. ಬೆಚ್ಚಗಿತ್ತು. ಎರಡು ಗುಟುಕು ಒಳಗೆ ಹೋದ ಮೇಲೆಯೇ ಅದು ಬಸ್ಸಾರು ಎಂದು ಅವನಿಗೆ ತಿಳಿದದ್ದು. ಹುರುಳಿ, ಬೆಳ್ಳುಳ್ಳಿ, ಸುಟ್ಟ ಮೆಣಸಿನಕಾಯಿ, ಎಲ್ಲವನ್ನೂ ಹಿಡಿದು ನಿಲ್ಲಿಸಿದ ಉಪ್ಪು. ಹುಟ್ಟಿದಾಗಿನಿಂದ ಅಷ್ಟು ಹದವಾದ ಸಾರನ್ನು ಅವನು ಕುಡಿದಿರಲಿಲ್ಲ.

"ಅಸಿವಿಲ್ವಂತೆ," ಎಂದಳು ಚಿಕ್ಕಸಿದ್ದಮ್ಮ. "ಇನ್ನೊಂದು ಗುಟುಕು ಕುಡಿ. ಎಂಗೈತೆ?"

ನಂಜಯ್ಯ ಚೆಂಬು ನೋಡಿದ. ಮೈದಾನ ನೋಡಿದ. ಚಿಕ್ಕಮಾದು ಇನ್ನೂ ಅಲ್ಲೇ ನಿಂತಿದ್ದ, ಬೇರೆಯವರು ಅವನನ್ನು ಮರದ ಹಾಗೆ ಸುತ್ತುಹಾಕಿಕೊಂಡು ಆಡುತ್ತಿದ್ದರು. ನಂಜಯ್ಯನಿಗೆ ಮೊಳೆಯ ಮೇಲಿನ ಕೋಟು ಕಣ್ಣಿಗೆ ಬಂತು. ಆಮೇಲೆ ಅವನು ತನ್ನ ಜೀವಮಾನದ ಅತಿ ದೊಡ್ಡ ಸುಳ್ಳನ್ನು, ಆ ಸಾರು ಕುಡಿಸಿದವಳ ಮುಖ ನೋಡಿಕೊಂಡೇ, ಮೆತ್ತಗೆ ಹೇಳಿದ.

"ಬ್ಯಾಸರ ಮಾಡ್ಕಬ್ಯಾಡ ಕಣಕ್ಕ. ಉಪ್ಪೇ ಇಲ್ವಲ್ಲ."

ಚಿಕ್ಕಸಿದ್ದಮ್ಮ ಚೆಂಬು ಎತ್ತಿಕೊಂಡು ಚಪ್ಪರದ ಕಡೆ ನಡೆದಳು.

ಪಕ್ಕದಲ್ಲಿ ಸೋಮಯ್ಯ ಮೆಲ್ಲಗೆ ತಲೆ ಎತ್ತಿದ. ಮಧ್ಯಾಹ್ನ ಅವನು ನಾಲ್ಕು ಮುದ್ದೆ ಉಂಡು ಅಂಗೈ ನೆಕ್ಕಿದ್ದ. "ನಾನೂ ಅಂಗೇ ಅಂದ್ಕಂಡೆ ಕಣಣ್ಣ," ಎಂದ. "ಸಪ್ಪೆ. ಯೋಳಕ್ಕೆ ನಾಚ್ಕೆ ಆಯ್ತು."

"ನಂಗೂ ಕಣ್ಲಾ," ಎಂದ ಅವನಾಚೆಯವನು.

"ನೀರು ನೀರು," ಎಂದ ಇನ್ನೊಬ್ಬ.

ಸಾಲಿನ ಕೊನೆಯ ತನಕ ಮಾತು ಹೋಯಿತು. ಉಪ್ಪಿರಲಿಲ್ಲ ಎಂದಾದ ಮೇಲೆ ಋಣವೂ ಇಲ್ಲ. ನಲವತ್ತು ಜನ ಪಂಚೆ ಕೊಡವಿಕೊಂಡು ಎದ್ದರು. ಹೊಟ್ಟೆ ತುಂಬಿದ ನಲವತ್ತು ಗಂಟಲು, ಬಸ್ಸಾರಿನಿಂದ ಹದಗೊಂಡ ಇನ್ನೊಂದು ಗಂಟಲು, ಎಲ್ಲ ಒಟ್ಟಿಗೆ "ಬಲಕ್ಲಾ ಮಾದಾ!" ಎಂದದ್ದಕ್ಕೆ ಲಕ್ಷ್ಮಣತೀರ್ಥದ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೂಡ ಬಲಕ್ಕೆ ಸರಿದರಂತೆ.

ಚಿಕ್ಕಮಾದು ಓಡಿದ. ಬಲಕ್ಕೆ ಹೋಗಿ ಒಂದು ಗೋಲು ಹೊಡೆದ. ರೆಫರಿ ಗಡಿಯಾರ ನೋಡುತ್ತಿರುವಾಗ ಎಡಕ್ಕೆ ಹೋಗಿ ಇನ್ನೊಂದು ಹೊಡೆದ. ತಾಲ್ಲೂಕಿನ ಅಮಲ್ದಾರರು ಶೀಲ್ಡು ಕೊಡುವಾಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಅದು ಸರ್ಕಾರಿ ಮುಖ.

ಕುಣಿತ ಮುಗಿದ ಮೇಲೆ ನಂಜಯ್ಯ ಚಪ್ಪರದ ಕಡೆ ನೋಡಿದ. ಹೋಗಬೇಕೆನ್ನಿಸಿತು, ಹೋಗಲಿಲ್ಲ. ಆ ಮಾತು ಬಾಯಿಂದ ಬಾಯಿಗೆ ಹೋಗಿ ಹುಣಸೂರಿನ ಐನೂರು ಜನರಿಗೂ ಮುಟ್ಟಿತ್ತು. ನಾಳೆ ಬೆಳಿಗ್ಗೆ ಕಾಫಿ ಕಾರ್ಖಾನೆಯ ಕೂಲಿಗಳು ಸಾರು ಬಾಯಿಗಿಡುವ ಮುಂಚೆ ಒಂದು ಗಳಿಗೆ ಯೋಚಿಸುತ್ತಾರೆ. ಇಪ್ಪತ್ತು ವರ್ಷದಲ್ಲಿ ಯಾರೂ ಯೋಚಿಸಿರಲಿಲ್ಲ.

ಕರೆದವಳು ಅವಳೇ. "ಬನ್ನಿ. ಮದ್ಯಾನ್ನ ಉಪ್ಪಿಲ್ದೆ ಉಂಡ್ರಿ, ಪಾಪ. ಹನ್ನೆರಡು ಮೈಲಿ ನಡೀಬೇಕು. ಕುಂತ್ಕಳಿ."

ಹೊತ್ತು ಮುಳುಗುತ್ತಿತ್ತು. ನಲವತ್ತೊಂದು ಜನ ಕೂತರು. ಆಡಿದ ಹನ್ನೊಂದು ಜನರನ್ನು ಅವಳು ಬೇರೆ ಸಾಲಿನಲ್ಲಿ ಕೂರಿಸಿ ಬೇರೆ ಮಡಕೆಯಿಂದ ಬಡಿಸಿದಳು. ನಲವತ್ತೊಂದು ಜನರ ಮಡಕೆಯ ಮುಂದೆ ನಿಂತಾಗ ಈ ಸಲ ಅವಳು ಕೈ ಬೀಸಲಿಲ್ಲ. ಬಟ್ಟಲು ತಂದು, ಎಲ್ಲರೂ ನೋಡುವ ಹಾಗೆ, ಒಂದು ಬಟ್ಟಲು ಉಪ್ಪು ಸುರಿದಳು. ಆಮೇಲೆ ಇನ್ನೊಂದು.

ಸೋಮಯ್ಯ ಮೊದಲ ತುತ್ತು ನುಂಗಿದ. ಅವನ ಕಣ್ಣಲ್ಲಿ ನೀರು ಬಂತು. ಅವನು ನಂಜಯ್ಯನ ಕಡೆ ನೋಡಿದ. ನಂಜಯ್ಯ ಎಲೆಯ ಕಡೆ ನೋಡುತ್ತಾ ಅಗಿಯುತ್ತಿದ್ದ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಆದರೂ ಅಗಿಯುತ್ತಿದ್ದ.

"ಈಗ ಎಂಗೈತೆ ನಂಜಣ್ಣ?" ಅವನ ಎದುರಿಗೇ ನಿಂತು ಕೇಳಿದಳು.

ಹುಣಸೂರಿನವರೂ ಸುತ್ತ ನಿಂತಿದ್ದರು.

"ಸಿದ್ದಕ್ಕ," ಎಂದ ನಂಜಯ್ಯ, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಸಂತೆಯ ಗಂಟಲಲ್ಲಿ. "ಮದ್ಯಾನ್ನದ ಸಾರೇ ಸರ್ಯಾಗಿತ್ತು ಕಣಕ್ಕ. ನಾನು ಸುಳ್ಳು ಯೋಳ್ದೆ."

"ಗೊತ್ತು," ಎಂದಳು. ಅವನ ಎಲೆಗೆ ಇನ್ನೊಂದು ಸೌಟು ಹಾಕಿದಳು. "ಉಣ್ಣು."

ನಂಜಯ್ಯ ಉಂಡ. ನಲವತ್ತು ಜನರೂ ಉಂಡರು. ಒಬ್ಬರೂ ಎಲೆಯಲ್ಲಿ ಬಿಡಲಿಲ್ಲ.

ಆ ರಾತ್ರಿ ಶೀಲ್ಡು ಹೊತ್ತ ಮೆರವಣಿಗೆ ಬಹಳ ನಿಧಾನವಾಗಿ ಸಾಗಿತು. ಕಂಪಲಾಪುರದ ತನಕ ದಾರಿಯಲ್ಲಿ ಸಿಕ್ಕ ಒಂದೊಂದು ಬಾವಿಯ ಹತ್ತಿರವೂ ನಲವತ್ತೊಂದು ಜನ ಸಾಲು ನಿಂತು ನೀರು ಸೇದಿ ಕುಡಿದರು. ಚಿಕ್ಕಮಾದು ಶೀಲ್ಡು ಹಿಡಿದುಕೊಂಡು ಪಕ್ಕದಲ್ಲಿ ಕಾಯುತ್ತಾ, ಗೆದ್ದವರಿಗೆ ಇಷ್ಟು ಬಾಯಾರಿಕೆ ಯಾಕೆ ಮಾವ ಎಂದು ಕೇಳಿದ. ಮಾವನಿಗೆ ಮಾತಾಡಲು ಬಾಯಿಗೆ ಬಿಡುವಿರಲಿಲ್ಲ.