ಶಲವಡಿ ರಸ್ತೆಯ ಆರುನೂರು ವಾಹನ

ಅಣ್ಣಿಗೇರಿಯ ಕಚೇರಿಯಲ್ಲಿ ದಾನೇಶ್ವರಿಯ ಕೆಲಸ, ರಸ್ತೆಗಳು ಹೇಳಿದ್ದನ್ನೆಲ್ಲ ಜೋಪಾನವಾಗಿಡುವುದು. ಹನ್ನೊಂದು ರಸ್ತೆಗಳಿಗೆ ಅಡ್ಡ ಮಲಗಿದ ರಬ್ಬರ್ ಕೊಳವೆಗಳ ಮೇಲೆ ಗಾಲಿ ಹಾಯ್ದಾಗಲೆಲ್ಲ ಅವಳ ಕಂಪ್ಯೂಟರಿಗೆ ಒಂದು ಸಾಲು ಬಂದು ಬೀಳುತ್ತಿತ್ತು. ಮೂರು ವರ್ಷಕ್ಕೆ ನಾಲ್ಕು ಕೋಟಿ ಸಾಲು. ಈವರೆಗೆ ಯಾರೂ ಓದಿರಲಿಲ್ಲ. ಹಾಗಾಗಿ ಎಲ್ಲರಿಗೂ ಅದರ ಮೇಲೆ ನಂಬಿಕೆಯಿತ್ತು.

ಫೆಬ್ರುವರಿಯ ಒಂದು ಬುಧವಾರ ಮೇಲಿನವರು ಕೇಳಿಯೇಬಿಟ್ಟರು. ಶಲವಡಿ ರಸ್ತೆಯನ್ನು ಅಗಲ ಮಾಡಬೇಕೋ ಬೇಡವೋ, ಸಂಜೆ ಐದರೊಳಗೆ ಅಲ್ಲಿಯ ದಾಖಲೆ ಬೇಕು. ಅತಿ ಹೆಚ್ಚು ಓಡಾಟದ ದಿನಗಳನ್ನು ನೋಡಿಯೇ ಅವರು ಅಗಲ ನಿರ್ಧರಿಸುವುದು. ದಾನೇಶ್ವರಿ ತೆರೆದು ನೋಡಿದಳು. ವರ್ಷವಿಡೀ ದಿನಕ್ಕೆ ಇಪ್ಪತ್ತೋ ಮೂವತ್ತೋ ಭಾರಿ ವಾಹನ. ಪ್ರತಿ ಫೆಬ್ರುವರಿಯಲ್ಲಿ ಮಾತ್ರ ಎಂಟ್ಹತ್ತು ದಿನ ಆರುನೂರು, ಮುಂಬೈಯ ಸರಕೆಲ್ಲ ಶಲವಡಿಯ ಮೇಲೇ ಹಾಯ್ದಂತೆ.

ಅದು ಕಡಲೆ ರಾಶಿಯ ಕಾಲ. ಕಣ ಮಾಡುವ ಗೋಜು ಬೇಡವೆಂದು ಊರವರು ಕಡಲೆಗಿಡ ಡಾಂಬರಿನ ಮೇಲೇ ಹರವಿ, ಕಾಳು ಬಿಡಿಸಲು ಹಿಂದೆ ಮುಂದೆ ಟ್ರ್ಯಾಕ್ಟರ್ ಹಾಯಿಸುತ್ತಾರೆ. ಕೊಳವೆ ಇರುವುದು ಅವಳ ಮಾವ ಈರಬಸಪ್ಪನವರ ಹೊಲದೆದುರು. ಆರುನೂರೂ ಅವರ ಒಂದೇ ಟ್ರ್ಯಾಕ್ಟರು.

ರಸ್ತೆ ಅಗಲವಾದರೆ ಮೊದಲು ಮುಚ್ಚುವುದು ಅವರದೇ ಕೃಷಿಹೊಂಡ; ಹೊಲಕ್ಕೆ ಬೇರೆ ನೀರಿಲ್ಲ. ದಾಖಲೆಯ ಒಂದು ಸಾಲನ್ನೂ ಅಳಿಸುವಂತಿಲ್ಲ. ತಪ್ಪೆಂದು ಗುರುತು ಹಾಕಬಹುದು, ಆದರೆ ಕಾರಣ ಬರೆಯಬೇಕು, ಯಾರಿಂದ ಎಂದೂ ಬರೆಯಬೇಕು. ರಸ್ತೆಯಲ್ಲಿ ರಾಶಿ ಮಾಡಿದ್ದಕ್ಕೆ ಕೇಸಾಗುತ್ತದೆ. ಒಮ್ಮೆಯೂ ಮಾವನ ಹೆಸರು ಹಿಡಿದು ಮಾತಾಡದ ಸೊಸೆ ಅದನ್ನು ಸರಕಾರಕ್ಕೆ ಬರೆದು ಕೊಡಬೇಕಿತ್ತು.

ನಾಲ್ಕೂ ಮುಕ್ಕಾಲಿಗೆ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು ಮೊದಲು ಕೇಳಿದ್ದು:

"ದಿನಕ್ಕ ಎಷ್ಟ ಸಲ ಹಾಯ್ದೇನಿ ಅಂತ ತೋರಸ್ತೇತವಾ?"

"ಆರನೂರಾ ಹನ್ನೆರಡ್ರಿ ಮಾವಾರ."

"ಅಷ್ಟೇನ? ನಿಮ್ಮ ಮಷೀನ ಮೈಗಳ್ಳ ಐತಿ. ಬರೀವಾ ನನ್ನ ಹೆಸರು. ಕೇಸ್ ಆದ್ರ ನವಲಗುಂದದ ಕೋರ್ಟಿಗೆ ಅಡ್ಡಾಡತೇನಿ. ಹೊಂಡ ಹೋದ್ರ ಏನ ಮಾಡ್ಲಿ?"

ದಾನೇಶ್ವರಿ ತಲೆಯ ಮೇಲೆ ಸೆರಗು ಎಳೆದುಕೊಂಡು ಆ ಹೆಸರು ಟೈಪ್ ಮಾಡಿದಳು. ನಮೂನೆಯ ಕೊನೆಯ ಪ್ರಶ್ನೆ ಉಳಿದಿತ್ತು: ಈ ಅಡಚಣೆ ಈಗ ನಿಂತುಹೋಗಿದೆಯೇ? 'ಹೌದು' ಎಂದು ಬರೆಯುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಶಲವಡಿಯ ಅಂಕಿ ಏರಿತು. ಐನೂರಾ ಮೂರು. ಐನೂರಾ ನಾಲ್ಕು. ಫೋನಿನೊಳಗೆ ಇಂಜಿನ್ನಿನ ಸದ್ದಿತ್ತು.

"ಮಾವಾರ, ಈಗ ಎಲ್ಲಿದ್ದೀರಿ?"

"ರಾಶಿ ನಡದೇತಲ್ಲವಾ. ಇನ್ನ ನಾಕ ಸಲ ಹಾಯಿಸಿದ್ರ ಮುಗೀತು."

ಐದಕ್ಕೆ ಆರು ನಿಮಿಷವಿತ್ತು. ದಾನೇಶ್ವರಿ ಬೆರಳನ್ನು ಕಳಿಸುವ ಗುಂಡಿಯ ಮೇಲಿಟ್ಟು, ಪರದೆಯ ಅಂಕಿ ಏರುವುದನ್ನು ಎಣಿಸತೊಡಗಿದಳು. ಒಂದು.