ಹರಿದ ಸೀಟಿನ ಬಸ್ಸು

"ಇದು ಬಸ್ಸಲ್ಲ," ಅಂದಳು ಚಿಟಿಕೆ.

ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಕತ್ತರಿಗಳೆಲ್ಲ ಒಮ್ಮೆಗೇ ನಿಂತವು. ಪ್ರತಿ ಶನಿವಾರ ಮಧ್ಯಾಹ್ನ ಬಡಾವಣೆಯ ಏಳೆಂಟು ಹೆಂಗಸರು ಅಲ್ಲಿ ಸೇರಿ ಕಣ್ಣು ಕಾಣದ ಮಕ್ಕಳಿಗಾಗಿ ಬಟ್ಟೆಯ ಪುಸ್ತಕ ಹೊಲಿಯುತ್ತಿದ್ದರು, ಮುಟ್ಟಿ ಓದುವ ಪುಸ್ತಕ. ಅವರಲ್ಲಿ ಟೈಲರಮ್ಮನದು ಎತ್ತಿದ ಕೈ. ಎರಡು ವಾರ ಕೂತು ಅವರು ಹೊಲಿದ ಬಸ್ಸಿಗೆ ಆರು ಕಿಟಕಿ, ದೊಡ್ಡ ಗುಂಡಿಗಳ ಚಕ್ರ, ಮುಂದೆ ಮಣಿಯ ದೀಪ. ಒಂದೆಳೆ ದಾರವಾದರೂ ಈಚೆ ಬಂದಿದ್ದರೆ ಕೇಳಿ. ನೋಡಿದವರೆಲ್ಲ ಹೊಗಳಿ ಅಟ್ಟಕ್ಕೇರಿಸಿದ್ದರು. ಈಗ ಸ್ವಂತ ಮೊಮ್ಮಗಳೇ, ಆರು ವರ್ಷದ ಚೋಟುದ್ದದ ಹುಡುಗಿ, ಎಲ್ಲರೆದುರು ಹೀಗನ್ನುವುದೇ?

"ಸರಿಯಾಗಿ ಮುಟ್ಟಿ ನೋಡೇ. ಇದು ಚಕ್ರ, ಇದು ಕಿಟಕಿ."

"ಚಕ್ರ ನಾನು ಯಾವತ್ತೂ ಮುಟ್ಟೇ ಇಲ್ಲ ಅಜ್ಜಿ, ಅಮ್ಮ ಬಿಡಲ್ಲ. ಇದು ದಿಂಬು. ಪುಸ್ತಕ ಸುಳ್ಳು ಹೇಳುತ್ತೆ."

ಅಂದವಳೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಹುಟ್ಟಿನಿಂದ ಕಣ್ಣು ಕಾಣದ ಈ ಹುಡುಗಿ ಹೊಸ ಜಾಗಕ್ಕೆ ಹೋದರೆ ಮೊದಲು ಚಿಟಿಕೆ ಹೊಡೆಯುತ್ತಿದ್ದಳು. ಸದ್ದು ಗೋಡೆಗೆ ಬಡಿದು ಬರುವುದನ್ನು ಕೇಳಿ ಕೋಣೆ ದೊಡ್ಡದೋ ಚಿಕ್ಕದೋ ಹೇಳಿಬಿಡುತ್ತಿದ್ದಳು. ಹೆಸರು ಬಂದದ್ದು ಹಾಗೆ. ಸಿಕ್ಕಿದ್ದನ್ನೆಲ್ಲ ತಡವುವ ಆ ಬೆರಳುಗಳು ಪುಸ್ತಕ ಅಂದರೆ ಮಾತ್ರ ಬೆನ್ನ ಹಿಂದೆ ಓಡುತ್ತಿದ್ದವು. ಇನ್ನೆರಡು ತಿಂಗಳಿಗೆ ಶಾಲೆ. ಅಲ್ಲಿ ಉಬ್ಬು ಚುಕ್ಕಿಗಳ ಅಕ್ಷರ ಕಲಿಯಬೇಕು. "ಬೆರಳು ಮೊದಲು ಪುಟನ ನಂಬಬೇಕಮ್ಮ, ಅಕ್ಷರ ಆಮೇಲೆ," ಎಂದು ಗ್ರಂಥಾಲಯದ ಮೇಡಮ್ ಮತ್ತೆ ಮತ್ತೆ ಹೇಳಿದ್ದರು. ಈ ಮಗು ಪುಸ್ತಕವೇ ಬೇಡ ಅಂದುಬಿಟ್ಟರೆ ಮುಂದೇನು ಗತಿ ಎಂಬ ಭಯ ಟೈಲರಮ್ಮನನ್ನು ಒಳಗೊಳಗೇ ಹಿಂಡುತ್ತಿತ್ತು. ಮಗಳ ಮುಂದೆ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ಭಯವಿದ್ದವರಿಗೆ ಸಿಟ್ಟು ಬೇಗ ಬರುತ್ತದೆ. ಮೊಮ್ಮಗಳ ಕೈ ಹಿಡಿದು ಬಸ್ ನಿಲ್ದಾಣ ತಲುಪುವವರೆಗೂ ಮುಖ ಊದಿಸಿಕೊಂಡೇ ನಡೆದರು. ಅವರ ಬಸ್ಸು ಖಾಲಿ ನಿಂತಿತ್ತು. ಹೊರಡಲು ಇನ್ನೂ ಹತ್ತು ನಿಮಿಷವಿತ್ತು.

"ಹಾಗಾದ್ರೆ ಬಸ್ಸು ಅಂದ್ರೆ ಏನು, ನೀನೇ ಹೇಳು ಮಹಾರಾಯ್ತಿ."

"ತೋರಿಸ್ತೀನಿ. ಕಣ್ಣು ಮುಚ್ಕೋ. ಕದ್ದು ನೋಡಬಾರ್ದು ಮತ್ತೆ."

ಟೈಲರಮ್ಮ ಕಣ್ಣು ಮುಚ್ಚಿದರು. ಪುಟ್ಟ ಕೈ ಅವರ ಕೈಯನ್ನು ಕೆಳಕ್ಕೆಳೆದು ಮೆಟ್ಟಿಲಿನ ಮೇಲಿಟ್ಟಿತು. ಗೀರು ಗೀರಾದ ರಬ್ಬರು. "ಇಲ್ಲಿಂದ ಬಸ್ಸು ಶುರು." ಆಮೇಲೆ ತಣ್ಣನೆಯ ಕಬ್ಬಿಣದ ಕಂಬ. ಆಮೇಲೆ ಎಡಕ್ಕೆ ಮೂರನೆಯ ಸೀಟು, ಅವರು ಯಾವಾಗಲೂ ಕೂರುವ ಸೀಟು. ಅದರ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಇಣುಕುತ್ತಿತ್ತು.

"ಮೊದಲು ಇದು ಚಿಕ್ಕ ತೂತಿತ್ತು ಅಜ್ಜಿ. ಇಷ್ಟು ದೊಡ್ಡದು ಮಾಡಿದ್ದು ನಾನೇ," ಎಂದು ಗುಟ್ಟಾಗಿ ಹೇಳಿದಳು ಚಿಟಿಕೆ.

"ಅಮ್ಮಾ, ಹುಷಾರಾಗಿದೀರಾ? ತಲೆ ಗಿಲೆ ಸುತ್ತುತ್ತಿದೆಯಾ?" ಡ್ರೈವರ್ ಕೇಳಿದ.

"ಸುಮ್ನಿರಪ್ಪ, ಪಾಠ ನಡೀತಿದೆ."

ಅವನು ಎಂಜಿನ್ ಚಾಲೂ ಮಾಡಿದ. ಗರ್ರೆಂದು ಕಂಬ, ಸೀಟು, ಹಲ್ಲುಗಳೆಲ್ಲ ನಡುಗಿದವು. "ಈಗ ಪೂರ್ತಿ ಬಸ್ಸು," ಅಂದಳು ಹುಡುಗಿ.

ಟೈಲರಮ್ಮನಿಗೆ ನಾಚಿಕೆಯಾಯಿತು. ತಾನು ಹೊಲಿದದ್ದು ರಸ್ತೆಯಲ್ಲಿ ನಿಂತು ನೋಡುವವರ ಬಸ್ಸು. ಈ ಮಗುವಿನ ಬಸ್ಸಿಗೆ ಚಕ್ರವೂ ಇಲ್ಲ, ದೀಪವೂ ಇಲ್ಲ. ಇಷ್ಟು ವರ್ಷ ಕೈ ಹಿಡಿದು ಹತ್ತಿಸಿದ ತನಗೇ ಅದು ಹೊಳೆಯಲಿಲ್ಲವಲ್ಲ! ಇಳಿಯುವ ನಿಲ್ದಾಣ ಬರುವವರೆಗೂ ಅವರು ಕಣ್ಣು ತೆರೆಯಲಿಲ್ಲ.

ಮರುದಿನ ಬೆಳಿಗ್ಗೆಯೇ ಹೊಗಳಿಸಿಕೊಂಡ ಬಸ್ಸನ್ನು ಬಿಚ್ಚಿ ಹಾಕಿದರು. ಹಳೆಯ ಚಪ್ಪಲಿಯ ಅಟ್ಟೆ ಕತ್ತರಿಸಿ ಮೆಟ್ಟಿಲು ಮಾಡಿದರು. ಪರದೆಯ ಸರಳಿನ ತುಂಡೊಂದು ಕಂಬವಾಯಿತು. ಎಂಜಿನ್ನಿಗೆ ದಪ್ಪ ಹಲ್ಲಿನ ಝಿಪ್ಪು, ಎಳೆದರೆ ಗರ್ ಅನ್ನಬೇಕು. ಹಳೆಯ ಕೈಚೀಲದ ರೆಕ್ಸಿನ್ನಿನೊಳಗೆ ರವಿಕೆಯ ಭುಜಕ್ಕಿಡುವ ಸ್ಪಂಜು ತುಂಬಿ ಸೀಟು ಹೊಲಿದರು. ಇನ್ನು ಉಳಿದದ್ದು ಹರಿಯುವ ಕೆಲಸ. ಗಿರಾಕಿಯ ಬಟ್ಟೆಯಲ್ಲಿ ಒಂದು ಹೊಲಿಗೆ ಸೊಟ್ಟಗಾದರೂ ಊಟ ಸೇರದ ಹೆಂಗಸು ಅವರು. ಕತ್ತರಿ ಹಾಕಿದರೆ ಅಂಚು ನೀಟಾಗಿ ಬಂದೀತು, ಚಿಟಿಕೆ ಥಟ್ಟನೆ ಕಂಡುಹಿಡಿದಾಳು. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದರು.

ಮುಂದಿನ ಶನಿವಾರ ಪುಟವನ್ನು ಮೇಜಿನ ಮೇಲಿಟ್ಟು, ಕೆಳಗೆ ಚಪ್ಪಲಿ ಬಿಡುತ್ತಿದ್ದ ಮೊಮ್ಮಗಳನ್ನು ಕರೆತರಲು ಹೋದರು. ಬರುವಷ್ಟರಲ್ಲಿ ಅನಾಹುತ ನಡೆದೇ ಹೋಗುವುದರಲ್ಲಿತ್ತು. ಗುಂಪಿನಲ್ಲಿ ಗುಂಡಿ ಹಚ್ಚುವ ಗುಂಡಿ ಅಕ್ಕ ಸೂಜಿಗೆ ದಾರ ಪೋಣಿಸಿ, ಹರಿದ ಸೀಟಿಗೆ ಎರಡು ಹೊಲಿಗೆ ಹಾಕಿಯೂ ಆಗಿತ್ತು.

"ಟೈಲರಮ್ಮನ ಕೈಲೂ ಹೊಲಿಗೆ ಬಿಟ್ಟಿದೆ ನೋಡಿ!"

"ಕೈ ತೆಗಿ! ಹೊಲಿಗೆ ಬಿಟ್ಟಿಲ್ಲ, ನಾನೇ ಹರಿದಿದ್ದು!"

ಗುಂಡಿ ಅಕ್ಕ ಬೆಚ್ಚಿ ಸೂಜಿ ಬೀಳಿಸಿದಳು. ಟೈಲರಮ್ಮ ಆ ಎರಡೂ ಹೊಲಿಗೆಗಳನ್ನು ಉಗುರಿನಿಂದ ಕಿತ್ತು, ಪುಟವನ್ನು ಚಿಟಿಕೆಯ ಮುಂದೆ ಸರಿಸಿದರು. ಕೈಗಳು ಆಗಲೇ ಬೆನ್ನ ಹಿಂದಿದ್ದವು.

"ಮತ್ತೆ ದಿಂಬಾ?"

"ನಾನೇನೂ ಹೇಳಲ್ಲಪ್ಪ. ಬೇಕಾದ್ರೆ ಹತ್ತು."

"ಹತ್ತೋದಾ?"

ಮೇಡಮ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಬೆನ್ನ ಹಿಂದಿನಿಂದ ಒಂದು ಕೈ ಮೆಲ್ಲಗೆ ಈಚೆ ಬಂತು. ಬೆರಳು ಗೀರು ಗೀರಿನ ರಬ್ಬರಿನ ಮೇಲೆ ಒಮ್ಮೆ ಹೋಯಿತು, ವಾಪಸು ಬಂತು, ನಿಂತಿತು. ಅದರ ಪಕ್ಕಕ್ಕೆ ಇನ್ನೊಂದು ಬೆರಳು ಬಂತು. ಎರಡೂ ಕಾಲುಗಳ ಹಾಗೆ ಒಂದೊಂದೇ ಹೆಜ್ಜೆ ಮೇಲಕ್ಕೆ ಹತ್ತಿ, ಕಂಬ ಹಿಡಿದು, ಎಡಕ್ಕೆ ತಿರುಗಿದವು. ಹರಿದ ಅಂಚು ಸಿಕ್ಕಿತು. ಬೆರಳು ಸ್ಪಂಜಿನೊಳಗೆ ಇಳಿಯಿತು.

"ಅಜ್ಜೀ! ನಮ್ಮ ಸೀಟು!"

ಎರಡನೆಯ ಕೈಯೂ ಓಡಿ ಬಂತು. ಅದು ಪುಟವನ್ನೆಲ್ಲ ತಡಕಾಡಿ ಝಿಪ್ಪು ಹಿಡಿದು ಎಳೆಯಿತು. ಗರ್‍ರ್‍ರ್! "ಹೊರಡ್ತು! ಹೊರಡ್ತು!"

ಟೈಲರಮ್ಮನ ಕಣ್ಣು ತುಂಬಿ ಬಂತು. ಬಿದ್ದ ಸೂಜಿ ಹುಡುಕುವವರ ಹಾಗೆ ಬಗ್ಗಿ ಮುಖ ಒರೆಸಿಕೊಂಡರು. ಆಮೇಲೆ ತಮ್ಮ ಬೆರಳನ್ನೂ ತಂದು ಮೆಲ್ಲಗೆ ಸೀಟಿನ ಮೇಲೆ ಕೂರಿಸಿದರು. ಚಿಟಿಕೆ ಅದನ್ನು ಮುಲಾಜಿಲ್ಲದೆ ಆಚೆ ತಳ್ಳಿದಳು.

"ಸೀಟು ನಂದು. ನೀನು ಕಂಬ ಹಿಡ್ಕೊಂಡು ನಿಂತ್ಕೋ. ತಿರುವು ಬರ್ತಿದೆ, ಬಿದ್ದುಗಿದ್ದೀಯ."

ಝಿಪ್ಪು ಮತ್ತೆ ಗುರುಗುಟ್ಟಿತು. ಟೈಲರಮ್ಮ ಕಣ್ಣು ಮುಚ್ಚಿ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಎರಡು ಬೆರಳುಗಳಿಂದ ಆ ಗೇಣುದ್ದದ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡರು.